ಜಗಲಿಯಲ್ಲಿ ಆರಿಸಿದ ಪುಸ್ತಕಗಳು

ಹೊಸ ಪುಸ್ತಕಗಳ ಪೆಟ್ಟಿಗೆ ಒಡೆದ ದಿನ ನಮ್ಮ ಶಾಲೆಯ ಅಡುಗೆಯ ಗಿರಿಜಕ್ಕ ಸೌಟು ಕೈಯಲ್ಲಿ ಹಿಡಿದುಕೊಂಡೇ ತರಗತಿಯ ಬಾಗಿಲಿಗೆ ಬಂದರು. ಬೆಳುವಾಯಿಯಿಂದ ಒಳಗೆ ಹೋಗುವ ರಸ್ತೆಯಲ್ಲಿ ಒಂದರಿಂದ ಐದರವರೆಗಿನ ಸಣ್ಣ ಶಾಲೆ ನಮ್ಮದು. ಲೈಬ್ರರಿ ಎಂದರೆ ನನ್ನ ತರಗತಿಯ ಮೂಲೆಯಲ್ಲಿರುವ ಒಂದು ಕಬ್ಬಿಣದ ಕಪಾಟು. ಊರಿನ ಒಬ್ಬರು ಅದಕ್ಕೆ ಹೊಸ ಪುಸ್ತಕ ಕೊಡಿಸುತ್ತೇನೆಂದಿದ್ದರು. ಅಂಗಡಿಯವರು ಬೇಕಾದದ್ದಕ್ಕಿಂತ ಹೆಚ್ಚೇ ಕಳಿಸಿದ್ದರು. ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ವಾರದೊಳಗೆ ವಾಪಸು ಮಾಡಬೇಕು, ಆರಿಸುವ ಕೆಲಸ ನನ್ನದು. ಗಿರಿಜಕ್ಕ ಬಗ್ಗಿ ಒಂದು ಪುಸ್ತಕದ ಮೇಲೆ ಬೆರಳಾಡಿಸಿ, "ಟೀಚರೇ, ಇಷ್ಟು ನುಣ್ಣಗೆ ಉಂಟಲ್ಲ, ಇದು ಓದ್ಲಿಕ್ಕೆ ಇರುವುದಾ, ಶೋಕೇಸಿನಲ್ಲಿ ಇಡ್ಲಿಕ್ಕಾ?" ಎಂದು ನಕ್ಕರು. ಆಗ ಅವರ ಸೆರಗಿನಿಂದ ಹೊಗೆಸೊಪ್ಪಿನ ವಾಸನೆ ಬಂತು. ಬೆಳಿಗ್ಗೆ ಎದ್ದು ಒಂದಷ್ಟು ಬೀಡಿ ಕಟ್ಟಿ ಆಮೇಲೆ ಶಾಲೆಗೆ ಬರುವವರು ಅವರು. ಹೊಸ ಕಾಗದ, ಅಂಟು, ಶಾಯಿಗಳ ತಣ್ಣನೆಯ ವಾಸನೆಯ ಮೇಲೆ ಆ ಕಟು ವಾಸನೆ ಬಂದು ಕೂತಿತು. ಈ ಎರಡೂ ಒಟ್ಟಿಗೆ ನನ್ನ ಮೂಗಿಗೆ ಬಾರದೆ ನಲವತ್ತು ವರ್ಷವಾಗಿತ್ತು. ಗಿರಿಜಕ್ಕ ಹೋದ ಮೇಲೂ ನಾನು ಸುಮಾರು ಹೊತ್ತು ಪೆಟ್ಟಿಗೆಯ ಮುಂದೆಯೇ ಕೂತಿದ್ದೆ.

ನಾರಾವಿಯಲ್ಲಿ ನನ್ನ ಅಜ್ಜಿಮನೆಯ ಜಗಲಿ ರಸ್ತೆಗೆ ತಾಗಿಕೊಂಡೇ ಇತ್ತು. ಅಪ್ಪ ದೂರದ ಊರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದುದರಿಂದ ಅಮ್ಮನೂ ನಾನೂ ಅಲ್ಲಿಯೇ ಇದ್ದೆವು. ಕೆಂಪು ಸಾರಣೆಯ ನೆಲದ ಆ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ನಾಲ್ಕು ಜನ ಬೀಡಿ ಕಟ್ಟುತ್ತಿದ್ದರು: ಅಜ್ಜಿ, ಅಮ್ಮ, ಅಮ್ಮನ ತಂಗಿ ಸುಮತಿ ಚಿಕ್ಕಮ್ಮ, ಮತ್ತು ಪಕ್ಕದ ಮನೆಯ ಬೀಪಾತುಮ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯ ಹಸಿ ವಾಸನೆ, ಕತ್ತರಿಯ ಕಿರಿಕಿರಿ ಸದ್ದು, ಬಿಸಿಲು ಕಂಬದಿಂದ ಕಂಬಕ್ಕೆ ಜರಗುವುದು, ಇವಿಷ್ಟರಲ್ಲೇ ಅಲ್ಲಿ ಹೊತ್ತು ಹೋಗುತ್ತಿತ್ತು. ನಿಮ್ಮ ಬಾಲ್ಯದಲ್ಲೂ ಇಂಥದ್ದೊಂದು ಜಗಲಿ ಇದ್ದಿದ್ದರೆ ನಿಮಗೂ ಗೊತ್ತಿರುತ್ತದೆ, ಅಲ್ಲಿ ಕೈಗೆ ಬಿಡುವಿಲ್ಲ, ಕಣ್ಣಿಗೆ ಮಾತ್ರ ಬೇಕಾದಷ್ಟು ಬಿಡುವು. ಅಜ್ಜಿ ಆ ಬಿಡುವನ್ನು ಪೂರ್ತಿಯಾಗಿ ಸಂಶಯಕ್ಕೆ ಖರ್ಚು ಮಾಡುತ್ತಿದ್ದಳು. ಹಾಲಿನವನು ಯಾವ ಬಾವಿಯ ನೀರು ಬೆರೆಸುತ್ತಾನೆಂದು ಬಾಯಿಗಿಟ್ಟು ಹೇಳುವವಳು. ಬಸ್ಸು ತಡವಾದರೆ ಡ್ರೈವರು ಎಲ್ಲಿ ಊಟಕ್ಕೆ ಕೂತನೆಂದು ಊಹಿಸುವವಳು. ಎಲ್ಲಕ್ಕಿಂತ ಹೆಚ್ಚಿನ ಸಂಶಯ ನೂಲಿನ ಮೇಲೆ. ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಬೀಡಿಗೆ ಸುತ್ತಲು ಕೊಡುತ್ತಿದ್ದ ಕೆಂಪು ನೂಲು ಎಂದೂ ಸಾಕಾಗುತ್ತಿರಲಿಲ್ಲ. ಅದನ್ನು ಯಾರೋ ಕದಿಯುತ್ತಾರೆಂದು ಅವಳ ಖಂಡಿತ ನಂಬಿಕೆ. ನೂಲಿನ ಉಂಡೆ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಮಲಗುತ್ತಿದ್ದಳು.

ಸುಮತಿ ಚಿಕ್ಕಮ್ಮ ಐದನೆಯದಕ್ಕೆ ಶಾಲೆ ಬಿಟ್ಟು ಮೊರ ಹಿಡಿದವಳು. ಆಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಏಳನೆಯ ಪರೀಕ್ಷೆಯನ್ನು ಪ್ರೈವೇಟಾಗಿ ಕಟ್ಟಿ ಪಾಸಾದರೆ ಬಾಲವಾಡಿಯಲ್ಲಿ ಟೀಚರ್ ಆಗಬಹುದೆಂದು ಅವಳಿಗೆ ಯಾರೋ ಹೇಳಿದ್ದರು. ಆ ಮಾತು ಅವಳನ್ನು ಹಿಡಿದುಬಿಟ್ಟಿತ್ತು. ನನ್ನ ಶಾಲೆಯ ಮಾಷ್ಟ್ರು ಫಾರಂ ತರಿಸಿಕೊಡುತ್ತೇನೆಂದಿದ್ದರು. ಅಜ್ಜಿ ಹೂಂ ಎಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. "ನೋಡುವ" ಎಂದಿದ್ದಳು. ನಮ್ಮ ಮನೆಯಲ್ಲಿ ಅದು ದೊಡ್ಡ ಒಪ್ಪಿಗೆ. ಚಿಕ್ಕಮ್ಮ ನನ್ನ ನಾಲ್ಕನೆಯ ತರಗತಿಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಸಾಮಾನು ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಓದುತ್ತಿದ್ದಳು.

ಮಾಷ್ಟ್ರು ಘಟ್ಟದ ಮೇಲಿನವರು, ಒಂಟಿ, ಬಾಡಿಗೆ ಕೋಣೆಯಲ್ಲಿದ್ದವರು. ಅಜ್ಜಿಗೆ ಇಷ್ಟು ಸಾಕಿತ್ತು. ಆ ವರ್ಷ ಶಾಲೆಯ ಲೈಬ್ರರಿಗೆ ಹೊಸ ಮಕ್ಕಳ ಪುಸ್ತಕ ಆರಿಸಲಿಕ್ಕೆಂದು ಮೂಡುಬಿದಿರೆಯ ಅಂಗಡಿಯಿಂದ ಒಂದು ಪೆಟ್ಟಿಗೆ ಬಸ್ಸಿನಲ್ಲಿ ಬಂದಿತ್ತು. ಆಗಲೂ ಈಗಿನ ಹಾಗೆಯೇ, ಬೇಡವಾದದ್ದು ವಾಪಸು. ಮಾಷ್ಟ್ರು ನನ್ನನ್ನು ಕರೆದು ಮೂರು ಪುಸ್ತಕ ಕೊಟ್ಟು, ಮೆಲ್ಲಗೆ ಹೇಳಿದರು: "ಮಕ್ಕಳನ್ನ ಕೇಳಿದ್ರೆ ಎಲ್ಲಾನೂ ಚಂದ ಉಂಟು ಸಾರ್ ಅಂತಾರೆ. ಆ ಮಾತನ್ನ ನಂಬೋಕಾಗಲ್ಲ. ನೀನು ಇದನ್ನ ನಿಮ್ಮ ಜಗಲೀಲಿ ಗಟ್ಟಿಯಾಗಿ ಓದು. ಬೀಡಿ ಕಟ್ಟೋರ ಕೈ ಎಲ್ಲಿ ನಿಲ್ಲುತ್ತೋ ಅಲ್ಲೊಂದು ಗುರುತಿಡು. ಪುಟ ಮಡಚಬೇಡ, ಪೆನ್ಸಿಲ್ ಬೇಡ. ಯಾರಿಗೂ ಹೇಳ್ಬೇಡ, ಗೊತ್ತಾದ್ರೆ ಕೈ ಸುಳ್ಳು ಹೇಳುತ್ತೆ." ಮಕ್ಕಳ ಪುಸ್ತಕವನ್ನು ಹೀಗೆ ಆರಿಸಿದವರು ಬೇರೆ ಯಾರಾದರೂ ಇದ್ದಾರೋ ನನಗೆ ತಿಳಿಯದು. ನನಗೆ ಆಗ ಅದು ವಿಚಿತ್ರವೆನಿಸಲಿಲ್ಲ. ಗುರುತಿಗೆ ಏನು ಇಡುವುದೆಂಬುದಷ್ಟೇ ಯೋಚನೆಯಾಯಿತು. ನಮ್ಮ ಮನೆಯಲ್ಲಿ ಕೈಗೆ ಸಿಗುವ, ಪುಟದೊಳಗೆ ಕಾಣದಂತೆ ಕೂರುವ ವಸ್ತು ಒಂದೇ ಇತ್ತು. ಅಜ್ಜಿ ಎಲೆ ನೆನೆಸಲು ಎದ್ದಾಗ ಅಮ್ಮನ ಮೊರದಿಂದ ಗೇಣುದ್ದದ ಒಂದಷ್ಟು ಎಳೆ ನೂಲು ಕಿತ್ತುಕೊಂಡೆ.

ಪುಸ್ತಕ ಮನೆಗೆ ಬಂದಾಗ ಅಜ್ಜಿ ಅದನ್ನು ತಲೆಕೆಳಗು ಹಿಡಿದು ಕೊಡವುತ್ತಿದ್ದಳು, ಒಳಗೆ ಚೀಟಿಗೀಟಿ ಇದ್ದರೆ ಬೀಳಲೆಂದು. ಏನೂ ಬೀಳದಿದ್ದರೆ ಅವಳಿಗೆ ಸಮಾಧಾನವಾಗುವ ಬದಲು ಸಂಶಯ ಇನ್ನಷ್ಟು ಹೆಚ್ಚುತ್ತಿತ್ತು. ಆದರೂ ಓದಲು ಬಿಟ್ಟಳು. ಓದು ನಡೆದರೆ ತೂಕಡಿಕೆ ಬರುವುದಿಲ್ಲ, ಹರಟೆ ಇರುವುದಿಲ್ಲ ಎಂಬ ಲೆಕ್ಕ. ನಾನು ಕನ್ನಡದಲ್ಲಿ ಓದುವುದು, ಚಿಕ್ಕಮ್ಮ ಅದನ್ನು ಅಜ್ಜಿಗೆ ತುಳುವಿನಲ್ಲಿ ಹೇಳುವುದು. ಮೂರನೆಯ ಪುಸ್ತಕದಲ್ಲಿ, ಹೊಳೆ ದಾಟಿ ಹೋದ ಎಮ್ಮೆಯನ್ನು ಹುಡುಕಿಕೊಂಡು ಒಬ್ಬಳೇ ಹೊರಟ ಹುಡುಗಿಯ ಕತೆಯಿತ್ತು.

"ಅವಳು ಅಷ್ಟುದ್ದ ಓದಿದಳು, ನೀನು ಹೇಳಿದ್ದು ಬೆರಳುದ್ದ. ನಡುವಿನದ್ದು ಎಲ್ಲಿ ಹೋಯ್ತು?" ಅಜ್ಜಿ ಚಿಕ್ಕಮ್ಮನನ್ನು ಕೇಳಿದಳು.

"ನಡುವೆ ಎಂಥದ್ದೂ ಇಲ್ಲಮ್ಮ. ಬರೀ ಗುಡ್ಡೆ, ಮೋಡ."

"ಗುಡ್ಡೆ ಮೋಡ ಆದರೆ ಬಾಯಿಬಿಟ್ಟು ಹೇಳ್ಲಿಕ್ಕೆ ನಿನಗೆಂಥ ಕಷ್ಟ?"

ಬೀಪಾತುಮ ನಗು ತಡೆಯಲಾರದೆ ಮೊರ ಅಲುಗಾಡಿಸಿಕೊಂಡಳು. "ಅಕ್ಕೂ, ಎಮ್ಮೆಯ ಮೇಲೂ ಡೌಟಾ ಮಾರಾಯ್ತಿ? ಅದೊಂದು ನೆಮ್ಮದಿಯಲ್ಲಿ ಹೊಳೆ ದಾಟ್ಲಿ. ಓದು ಮಗಾ ನೀನು."

ಹುಡುಗಿ ಹೊಳೆಯ ಆಚೆ ದಡದಲ್ಲಿ ನಿಂತು, ಎಮ್ಮೆ ತನ್ನ ಮನೆಯ ಕಡೆ ತಿರುಗಿಯೂ ನೋಡುತ್ತಿಲ್ಲವೆಂದು ಕಂಡುಕೊಳ್ಳುವ ಕಡೆ ನಾಲ್ಕು ಜನರ ಕೈಯೂ ನಿಂತಿತು. ಅಜ್ಜಿಯದ್ದೂ. ಕತ್ತರಿಯ ಸದ್ದೇ ಇಲ್ಲ. ಅಷ್ಟು ಹೊತ್ತು ಅಲ್ಲಿ ಯಾವತ್ತೂ ಯಾವ ಕೈಯೂ ನಿಂತದ್ದನ್ನು ನಾನು ನೋಡಿರಲಿಲ್ಲ. ಇದು ಎಲ್ಲಕ್ಕಿಂತ ಒಳ್ಳೆಯದೆಂದು ಮಾಷ್ಟ್ರಿಗೆ ತಿಳಿಯಲೆಂದು ಆ ಪುಟಕ್ಕೆ ಇಟ್ಟ ನೂಲಿಗೆ ನಾನು ಒಂದು ಗಂಟು ಹಾಕಿದೆ. ಹೊತ್ತಾಯಿತೆಂದು ಓದು ಅಲ್ಲಿಗೇ ನಿಂತಿತು.

ಮರುದಿನ ನೂಲು ಸಾಲದೆ ಬಂತು. ನಾನು ಶಾಲೆಗೆ ಹೊರಡುವ ಹೊತ್ತಿಗೆ ಅಜ್ಜಿ ಎಲ್ಲರ ಮೊರ, ಎಲ್ಲರ ಸೆರಗು ನೋಡಿ, ಕೊನೆಗೆ ನನ್ನ ಚೀಲಕ್ಕೆ ಕೈ ಹಾಕಿ ಮೂರೂ ಪುಸ್ತಕ ತೆಗೆದಳು. ಬರುವ ಪುಸ್ತಕವನ್ನು ಕೊಡವುತ್ತಿದ್ದವಳು ಹೋಗುವ ಪುಸ್ತಕವನ್ನು ಕೊಡವಿದ್ದು ಅದೇ ಮೊದಲು. ಕೆಂಪು ಎಳೆಗಳು ಒಂದೊಂದಾಗಿ ಸಾರಣೆಯ ಮೇಲೆ ಬಿದ್ದವು. ಕೊನೆಗೆ ಗಂಟಿನದ್ದು. ಕಳ್ಳಿ ಸಿಕ್ಕಿದಳೆಂಬ ಗೆಲುವಿನಲ್ಲಿದ್ದ ಅಜ್ಜಿಯ ಮುಖ ಆ ಗಂಟನ್ನು ನೋಡಿದ ಕೂಡಲೇ ಬೇರೆಯೇ ಆಯಿತು. ಅದನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟುಕೊಂಡು ನನ್ನ ಕಡೆ ಹಿಡಿದಳು.

"ಇದು ನೀನು ಇಟ್ಟದ್ದಾ?"

ನಾನು ಅಲ್ಲವೆಂದು ತಲೆಯಾಡಿಸಿದೆ. ನೂಲು ಕದ್ದದ್ದಕ್ಕೆ ಬೀಳುವ ಪೆಟ್ಟು ಒಂದು, ಯಾರಿಗೂ ಹೇಳಬೇಡವೆಂದ ಮಾಷ್ಟ್ರ ಮಾತು ಇನ್ನೊಂದು. ಎರಡರಲ್ಲಿ ಯಾವುದು ನನ್ನ ಬಾಯಿ ಕಟ್ಟಿತೆಂದು ಕೇಳಿದರೆ, ಪೆಟ್ಟು ಎಂದೇ ಹೇಳಬೇಕು.

"ನಾನು ಇಟ್ಟದ್ದು," ಎಂದಳು ಸುಮತಿ ಚಿಕ್ಕಮ್ಮ, ಮೊರದಿಂದ ತಲೆಯೆತ್ತದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾಷ್ಟ್ರ ಕೈಗೆ ವಾಪಸು ಹೋಗುವ ಪುಸ್ತಕದಲ್ಲಿ ಪ್ರಾಯದ ಹುಡುಗಿ ಗಂಟು ಹಾಕಿದ ಕೆಂಪು ನೂಲು ಇಡುತ್ತಾಳೆ! ಇಷ್ಟು ವರ್ಷ ಬರಿಗೈಯಲ್ಲಿ ಹುಡುಕುತ್ತಿದ್ದ ಸಂಶಯಕ್ಕೆ ಒಂದು ಹಿಡಿತ ಸಿಕ್ಕಿತ್ತು. ಅವಳು ಅಮ್ಮನ ಕಡೆ ಒಮ್ಮೆ ನೋಡಿ, ಪುಸ್ತಕಗಳನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿ, ನನ್ನ ಜೊತೆ ತಾನೇ ಶಾಲೆಗೆ ಬಂದು ಮಾಷ್ಟ್ರ ಮೇಜಿನ ಮೇಲಿಟ್ಟಳು. "ನಮ್ಮಲ್ಲಿ ಓದುವವರು ಇಲ್ಲ," ಎಂದಳು ತನಗೆ ಬರುವಷ್ಟು ಕನ್ನಡದಲ್ಲಿ. ಮಾಷ್ಟ್ರು ನನ್ನ ಮುಖ ನೋಡಿದರು. ನಾನು ಗೋಡೆಯ ಭೂಪಟ ನೋಡಿದೆ. ಅವರು ಆಮೇಲೆ ರಟ್ಟಿನ ಬಣ್ಣ ನೋಡಿ ಒಂದಷ್ಟು ಪುಸ್ತಕ ಆರಿಸಿ ಉಳಿದದ್ದನ್ನು ಬಸ್ಸಿಗೆ ಹಾಕಿದರೆಂದು ಕಾಣುತ್ತದೆ. ಎಮ್ಮೆಯ ಕತೆ ನಮ್ಮ ಶಾಲೆಯಲ್ಲಿ ಉಳಿಯಲಿಲ್ಲ. ಫಾರಮ್ಮಿನ ಕೊನೆಯ ದಿನ ಬಂತು, ಹೋಯಿತು. ಬಂಟ್ವಾಳದಲ್ಲಿದ್ದ ಅಜ್ಜಿಯ ತಮ್ಮ ಕೊಕ್ಕಡದ ಒಂದು ಸಂಬಂಧ ಹಿಡಿದುಕೊಂಡು ಬಂದರು, ಮಳೆ ಹಿಡಿಯುವ ಮೊದಲೇ ಮದುವೆಯೂ ಆಯಿತು. ಹೊರಡುವಾಗ ಚಿಕ್ಕಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, "ಶಾಲೆ ಬಿಡಬೇಡ ಆಯ್ತಾ?" ಎಂದಳು. ನಾನು ಬಿಡಲಿಲ್ಲ. ಅವಳ ಆ ಮಾತಿಗೆ ಹೆದರಿಯೇ ಓದಿ ಟೀಚರಾದೆನೆಂದು ಕೆಲವೊಮ್ಮೆ ಅನಿಸುತ್ತದೆ.

ಈಗ ಆ ಮನೆಯಿಲ್ಲ. ರಸ್ತೆ ಅಗಲವಾಗುವಾಗ ಮೊದಲು ಜಗಲಿ ಹೋಯಿತು, ಜಗಲಿ ಹೋದ ಮೇಲೆ ಉಳಿದ ಮನೆಗೆ ಮುಖವೇ ಇಲ್ಲದಂತಾಗಿ ಅದನ್ನೂ ಕೆಡವಿದರು. ಅಜ್ಜಿ ಅದನ್ನು ನೋಡಲು ಉಳಿದಿರಲಿಲ್ಲ. ಬೀಪಾತುಮಳನ್ನು ಮಗ ಕರೆದುಕೊಂಡು ಹೋದ. ಅವಳೂ ತೀರಿಕೊಂಡಳೆಂದು ಸುದ್ದಿ ಬಂತು. ಅಮ್ಮನೂ ಇಲ್ಲ. ಅಜ್ಜಿ ನೆನಪಾದಾಗ ನನಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಆ ಪುಟದ ಹತ್ತಿರ ನಿಂತುಹೋದ ಅವಳ ಒಣಗಿದ ಬೆರಳುಗಳು ಕಾಣುತ್ತವೆ. ಅವಳಿಗೂ ಆ ಎಮ್ಮೆ ಬೇಕಾಗಿತ್ತು.

ಕೆಲವು ವರ್ಷಗಳ ಹಿಂದೆ, ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಕೊಕ್ಕಡಕ್ಕೆ ಹೋಗಿದ್ದೆ. ಅಂಗಳದ ಹಗ್ಗದಲ್ಲಿ ರಬ್ಬರ್ ಶೀಟುಗಳು ಒಣಗುತ್ತಿದ್ದವು. ಅವಳು ಮೆಟ್ಟಿಲ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅಷ್ಟು ವರ್ಷ ನುಂಗಿದ್ದನ್ನು ಅಂದು ಹೇಳಿಬಿಟ್ಟೆ: ನೂಲು ಇಟ್ಟದ್ದು ನಾನು, ಗಂಟು ಹಾಕಿದ್ದೂ ನಾನು, ಗುರುತಿಡಲು ಮಾಷ್ಟ್ರು ಹೇಳಿದ ಕಾರಣ ಇದು.

ಅವಳು ಎಣ್ಣೆಯ ಕೈ ಒರೆಸಿಕೊಂಡಳು. "ನೀನೇ ಅಂತ ಗೊತ್ತಿತ್ತು. ನಿನ್ನ ಗಂಟು ಯಾವಾಗಲೂ ಸಡಿಲ. ಅಮ್ಮ ಹೊಡೀತಾರಲ್ಲ ಅಂತ ನಾನು ನನ್ನ ಹೆಸರು ಹೇಳಿದೆ. ಅಮ್ಮನ ತಲೆಯಲ್ಲಿ ಮಾಷ್ಟ್ರು ಇದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದಳು. "ಗೊತ್ತಿದ್ದರೂ ಹೇಳ್ತಿದ್ದೆಯಾ ಅಂತ ಮಾತ್ರ ಕೇಳ್ಬೇಡ, ಆಯ್ತಾ? ನನಗೆ ಸುಳ್ಳು ಹೇಳ್ಲಿಕ್ಕೆ ಇಷ್ಟ ಇಲ್ಲ."

ನಾನು ಕೇಳಲಿಲ್ಲ. ಆಮೇಲೆ ಅವಳು ಹೆಚ್ಚು ಕಾಲ ಇರಲೂ ಇಲ್ಲ.

ಈ ವಾರವಿಡೀ ನಾನು ಪೆಟ್ಟಿಗೆಯ ಪುಸ್ತಕಗಳನ್ನು ಒಂದೊಂದಾಗಿ ಓದಿದೆ. ಮುಖಪುಟವನ್ನು ನಂಬಲಿಲ್ಲ, ಹಿಂದಿನ ರಟ್ಟಿನ ಹೊಗಳಿಕೆಯನ್ನಂತೂ ನಂಬಲೇ ಇಲ್ಲ. ಚಿತ್ರದ ಮಕ್ಕಳೆಲ್ಲ ಒಂದೇ ನಗು ನಗುತ್ತಿದ್ದ ಪುಸ್ತಕಗಳನ್ನು, ಕೊನೆಯ ಪುಟದಲ್ಲಿ ನೀತಿ ಹೇಳಲೆಂದೇ ಮೊದಲ ಪುಟದಿಂದ ಹೊಂಚು ಹಾಕಿ ಕೂತಿದ್ದ ಕತೆಗಳನ್ನು ಪಕ್ಕಕ್ಕಿಟ್ಟೆ. ಉಳಿದವುಗಳಲ್ಲಿ ಒಂದು, ಅಕ್ಷರ ದೊಡ್ಡದಾಗಿ, ಮಾತು ಸರಳವಾಗಿ, ಆದರೆ ಪ್ರಾಯಕ್ಕೆ ಬಂದವಳೊಬ್ಬಳು ಕೂತು ಓದಿದರೂ ಸಣ್ಣವಳಾಗದ ಹಾಗೆ ಬರೆದ ಕತೆ. ನಮ್ಮ ಮಕ್ಕಳಿಗೆ ಅದು ಸ್ವಲ್ಪ ಭಾರವೇ. ಅದನ್ನು ವಾಪಸಿನ ಕಟ್ಟಿಗೆ ಎರಡು ಸಲ ಸೇರಿಸಿ ಎರಡು ಸಲ ಹೊರಗೆ ತೆಗೆದೆ.

ಹೆಡ್ ಟೀಚರಿಗೆ ಕೊಡುವ ಪಟ್ಟಿಯಲ್ಲಿ ಪ್ರತಿಯೊಂದು ಪುಸ್ತಕದ ಎದುರು ಅದು ಯಾವ ತರಗತಿಗೆಂದು ಬರೆಯಬೇಕು. ಉಳಿದದ್ದಕ್ಕೆಲ್ಲ ಮೂರು, ನಾಲ್ಕು, ಐದು ಎಂದು ಬರೆದು ಮುಗಿಸಿದೆ. ಆ ಒಂದರ ಎದುರು "ಆರು" ಎಂದು ಬರೆದೆ. ನಮ್ಮ ಶಾಲೆಯಲ್ಲಿ ಆರನೆಯ ತರಗತಿಯಿಲ್ಲ. ಐದಕ್ಕೆ ಶಾಲೆ ಬಿಟ್ಟು ಮೊರ ಹಿಡಿದವಳು ಮುಂದೆ ಕೂರಬೇಕಾಗಿದ್ದ ತರಗತಿ ಅದು. ಹೆಡ್ ಟೀಚರ್ ಪಟ್ಟಿ ನೋಡಿ ಕೈತಪ್ಪೆಂದು ತಿಳಿದು ತಿದ್ದಬಹುದು. ತಿದ್ದಲಿ, ಪುಸ್ತಕ ಕಪಾಟಿನಲ್ಲಿದ್ದರೆ ಸಾಕು.