ಹತ್ತೊಂಬತ್ತನೆಯ ತಿಂಗಳು

ಎಂಬತ್ತಾರರ ಬೇಸಿಗೆಯಲ್ಲಿ ನಾನು ಅಮೆರಿಕಾದ ಲಾಸ್ ಆಲ್ಟೋಸ್‌ನ ಒಂದು ಗ್ರೋಸರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಡಬ್ಬಿಗಳ ತಾರೀಖು ಓದುತ್ತಿದ್ದೆ. ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಸಾಂಟಾ ಕ್ಲಾರಾದಲ್ಲಿ ಅಣ್ಣ, ಅತ್ತಿಗೆಯ ಅಪಾರ್ಟ್‌ಮೆಂಟಿನಲ್ಲಿ ವಾಸ. ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆದಿಡುವ ನನಗೆ ಹೇಳಿ ಮಾಡಿಸಿದಂಥ ಕೆಲಸ.

ಎಳೆಗೂಸುಗಳ ಹಾಲಿನ ಪುಡಿಗೆ ಒಂದು ನಿಯಮವಿತ್ತು. ಮೂರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿದ್ದರೆ ನಮ್ಮ ಶೆಲ್ಫಿಗೆ, ಕಡಿಮೆಯಿದ್ದರೆ ‘ಆ ಕಡೆ’ಗೆ, ಮುಗಿದಿದ್ದರೆ ಕಸಕ್ಕೆ. ಆ ಕಡೆ ಎಂದರೆ ಫ್ರೀವೇ ಹೆದ್ದಾರಿಯ ಆಚೆ, ಕಪ್ಪು ಜನರ ಬಡಾವಣೆಯಲ್ಲಿದ್ದ ನಮ್ಮ ಮಾಲೀಕರದೇ ಇನ್ನೊಂದು ಸಣ್ಣ ಅಂಗಡಿ. ಯಾಕೆ ಹೀಗೆ ಎಂದು ನಾನು ಕೇಳಲಿಲ್ಲ. ಮ್ಯಾನೇಜರೇ ಹೇಳಿದ್ದ: “ಇಲ್ಲಿನ ತಾಯಂದಿರು ಡಬ್ಬಿ ತಿರುಗಿಸಿ ಡೇಟು ನೋಡ್ತಾರೆ, ಕಿಡ್ಡೋ. ಅಲ್ಲಿಯವರು ಸಿಕ್ಕಿದ್ದು ತಗೋತಾರೆ.”

ಜೂನ್ ಮೂರು, ಮಂಗಳವಾರ, ಕೆಲಸದ ಮೊದಲ ದಿನ. ಹನ್ನೊಂದು ಡಬ್ಬಿಗಳ ತಳದಲ್ಲಿ 5/8 ಎಂದಿತ್ತು. ಆಗಸ್ಟ್ ಐದು, ಇನ್ನೆರಡು ತಿಂಗಳಿದೆ ಎಂದು ಬರೆದುಕೊಂಡು ಆ ಕಡೆ ಕಳಿಸಿದೆ.

ಮುಂದಿನ ಮಂಗಳವಾರ ಕೈಗೆ ಬಂದ ಡಬ್ಬಿಯ ಮೇಲೆ 6/19 ಎಂದಿತ್ತು. ಹತ್ತೊಂಬತ್ತನೆಯ ತಿಂಗಳು ಎಲ್ಲಿಯದು? ಮೊದಲು ನಗು ಬಂತು, ಆಮೇಲೆ ಹೋದ ವಾರದ ದಿನಚರಿ ತಿರುವಿ ನೋಡಿದೆ. ಈ ದೇಶದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾನು ಕಳಿಸಿದ ಡಬ್ಬಿಗಳ ಅವಧಿ ಮೇ ಎಂಟಕ್ಕೇ ಮುಗಿದಿತ್ತು.

ಮ್ಯಾನೇಜರನಿಗೆ ಹೇಳಿದೆ. “ಯಾರೂ ಕಂಪ್ಲೇಂಟ್ ಮಾಡಿಲ್ಲ ತಾನೇ? ಬಿಡು,” ಎಂದ. ಆ ಅಂಗಡಿಗೆ ನಾನೇ ಫೋನ್ ಮಾಡಬಹುದಿತ್ತು. ಕೆಲಸ ಹೋದೀತೆಂದು ಹೆದರಿ ನಾಲ್ಕು ದಿನ ಸುಮ್ಮನಿದ್ದೆ.

ಶನಿವಾರ ಅತ್ತಿಗೆಗೆ ಹೇಳಿದೆ. ಅವರು ಕಾರು ತೆಗೆದರು. “ಮೈಸೂರು ಪಂಚಾಂಗ ಹಿಡ್ಕೊಂಡು ಅಮೆರಿಕಾದ ಡಬ್ಬಿ ಓದಿದ್ಯಲ್ಲೇ!” ಎಂದು ರೇಗಿಸಿದವರು ನನ್ನ ಮುಖ ನೋಡಿ ಕಾರಿನ ವೇಗ ಹೆಚ್ಚಿಸಿದರು.

ಆ ಕಡೆಯ ಅಂಗಡಿಯ ಶೆಲ್ಫಿನಲ್ಲಿ ಏಳೇ ಡಬ್ಬಿಗಳಿದ್ದವು, ಎಲ್ಲವೂ ನಾನು ಕಳಿಸಿದವೇ. ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾಗ ಮಗುವನ್ನು ಎತ್ತಿಕೊಂಡ ಒಬ್ಬಳು ಅಡ್ಡ ನಿಂತಳು. ನನ್ನದೇ ವಯಸ್ಸಿನ ಕಪ್ಪು ಹುಡುಗಿ.

“ಎಲ್ಲಾ ನೀನೇ ಒಯ್ದರೆ ನನ್ನ ಮಗ ಏನು ಕುಡೀಬೇಕು, ಲೇಡಿ? ಮನೇಲಿ ಎಷ್ಟು ಮಕ್ಕಳು, ಹತ್ತಾ?”

“ಇವುಗಳ ಡೇಟು ಮುಗಿದಿದೆ. ನಾನೇ ತಪ್ಪಾಗಿ ಕಳಿಸಿದ್ದು.”

“ಗೊತ್ತು. ಹೋದ ವಾರ ಎರಡು ಒಯ್ದಾಗಲೇ ನೋಡಿದೆ. ಬೇರೆ ಇರಲಿಲ್ಲ.” ಮಗುವಿನ ಬಾಯಿ ಒರೆಸಿದಳು. “ಮೂರು ದಿನದಿಂದ ಕಕ್ಕುತ್ತಿದ್ದಾನೆ. ಇದರಿಂದಲಾ?”

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅತ್ತಿಗೆ ಅವಳನ್ನೂ ಮಗುವನ್ನೂ ಕಾರಿಗೆ ಹತ್ತಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದರು. ಮಗುವಿನ ಮೈಯ ನೀರು ಕಡಿಮೆಯಾಗಿದೆ, ಅಪಾಯವಿಲ್ಲ, ಕಾರಣ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಹನ್ನೊಂದರಲ್ಲಿ ಏಳು ನನ್ನ ಬಳಿ, ಎರಡು ಇವಳ ಮನೆಗೆ. ಇನ್ನೆರಡು ಯಾವ ಮನೆ ಸೇರಿದವೋ ಅಂಗಡಿಯವನಿಗೂ ತಿಳಿದಿರಲಿಲ್ಲ.

ವಾಪಸು ಬರುವಾಗ ಅವಳು ಕೇಳಿದಳು: “ನಿಮ್ಮ ಅಂಗಡೀಲಿ ಹೊಸ ಡೇಟಿನವು ಇವೆಯಾ?”

“ಇವೆ.”

“ಮತ್ತೆ ಇಲ್ಲಿಗೆ ಯಾಕೆ ಬರಲ್ಲ?”

ನಾನು ತಾರೀಖನ್ನು ತಪ್ಪಾಗಿ ಓದಿದ್ದು ಅದಕ್ಕೆ ಉತ್ತರವಾಗಿರಲಿಲ್ಲ. ಸರಿಯಾಗಿ ಓದಿದ್ದರೂ ಅವಳಿಗೆ ಬರುತ್ತಿದ್ದದ್ದು ನಾವು ಬೇಡವೆಂದು ತೆಗೆದಿಟ್ಟದ್ದೇ. “ಸಾರಿ” ಎಂದಷ್ಟೇ ಹೇಳಿದೆ. ಅವಳು ಮಗನನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು.

ಸೋಮವಾರ ಕೆಲಸಕ್ಕೆ ಹೋದೆ. ಜುಲೈ ಕೊನೆಗೆ ಅವಧಿ ಮುಗಿಯುವ ಎಂಟು ಡಬ್ಬಿಗಳಿದ್ದವು. ಪ್ರತಿಯೊಂದರ ತಾರೀಖನ್ನೂ ಎರಡೆರಡು ಸಲ ನೋಡಿ, ಸರಿಯಾಗಿ ಬರೆದು, ಆ ಕಡೆಯ ಲಾರಿಗೆ ಹತ್ತಿಸಿದೆ.