ಮಗುಚಿಟ್ಟ ಕಲ್ಲುಗಳು

ಕಡಲ ಮುಳ್ಳುಚೆಂಡುಗಳನ್ನು ಎಣಿಸುವುದು ನನ್ನ ಕೆಲಸ ಎಂದರೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಈಗಲೂ ನಗು. "ಅದನ್ನು ತಿನ್ಲಿಕ್ಕುಂಟಾ? ಇಲ್ವಲ್ಲ. ಮತ್ತೆ ಎಣಿಸಿ ಎಂತ ಮಾಡುದು?" ಎನ್ನುತ್ತಾರೆ, ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದ ಅಪ್ಪ. ಅವರ ಮೇಲೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಮಹಾಪೆಯ ನಮ್ಮ ಆಫೀಸಿನ ಮೇಲೆ.

ತೀರದಲ್ಲಿ ಏನಾದರೂ ಕಟ್ಟುವ ಮುಂಚೆ ಅಲ್ಲಿ ಯಾವ ಜೀವಿಗಳಿವೆ ಎಂದು ನೋಡಿ ವರದಿ ಕೊಡುವ ಆಫೀಸು ಅದು. ಹೋದ ವರ್ಷ ಉರಣ್ ಕಡೆಯ ಒಂದು ಸಣ್ಣ ಕೊಲ್ಲಿ ನಮ್ಮ ಪಾಲಿಗೆ ಬಂತು. ಅಲ್ಲೊಂದು ಜೆಟ್ಟಿ, ದೋಣಿಗಳು ತಂಗುವ ಕಟ್ಟೆ, ಬರಬೇಕಿತ್ತು. ಮೊದಲ ಸಲ ಹೋದದ್ದು ಬರೀ ಸ್ಥಳ ನೋಡಲಿಕ್ಕೆ. ಎಣಿಕೆ ಮುಂದಿನ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ. ಆ ಮೊದಲ ದಿನವೇ ನೀರು ಇಳಿದ ಮೇಲೆ ಒಂದು ಕಲ್ಲೆತ್ತಿ ನೋಡಿದರೆ, ಅಡಿಯ ತಂಪಿನಲ್ಲಿ ನಿಂಬೆಹಣ್ಣಿನ ಗಾತ್ರದ, ಮೈತುಂಬ ಮುಳ್ಳಿನ ಜೀವಗಳು, ಅವೇ ಮುಳ್ಳುಚೆಂಡುಗಳು, ಒತ್ತೊತ್ತಾಗಿ ಕೂತಿದ್ದವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಇವು ವರದಿಯಲ್ಲಿ ಬಂದರೆ ಜೆಟ್ಟಿ ಬೇರೆಡೆ ಸರಿಯಬಹುದಿತ್ತು.

ಈ ಕೆಲಸದಲ್ಲಿ ಎತ್ತಿದ ಕಲ್ಲನ್ನು ಅದೇ ಕುಳಿಯಲ್ಲಿ, ಅದೇ ಮಗ್ಗುಲಿಗೆ ಇಡಬೇಕು. ನೆರಳು ತಪ್ಪಿದರೆ ಅಡಿಯಲ್ಲಿದ್ದವು ಬಿಸಿಲಿಗೆ ಒಣಗಿ ಸಾಯುತ್ತವೆ. ನನ್ನ ಕಲ್ಲನ್ನು ಹಾಗೆಯೇ ಇಟ್ಟು ಆಚೆ ಬದಿಯ ಕೆಸರು ನೋಡಲು ಹೋದೆ. ಉಳಿದ ಕಲ್ಲುಗಳನ್ನು ನೋಡಬೇಕಾದವರು ನಮ್ಮ ಆಫೀಸಿನ ಇಬ್ಬರು ಮಹಾಶಯರು, ಎರಡೆರಡು ಡಿಗ್ರಿ ಹೊತ್ತವರು. ಅವರು ಏನು ಮಾಡಿದ್ದರೆಂದು ಗೊತ್ತಾದದ್ದು ಅಮಾವಾಸ್ಯೆಗೆ ಮತ್ತೆ ಹೋದಾಗ.

ಕಲ್ಲುಗಳೆಲ್ಲ ಅಂಗಾತ ಬಿದ್ದಿದ್ದವು. ಸುತ್ತ ಮುಳ್ಳು ಉದುರಿದ ಬಿಳಿ ಚಿಪ್ಪುಗಳು, ಕಾಲಿಟ್ಟರೆ ಪುಡಿ. ನಾನು ಇಟ್ಟ ಕಲ್ಲನ್ನೂ ಮತ್ತೆ ಎತ್ತಿ ಮಗುಚಿದ್ದರು. ಕತ್ತಲಾಗುವವರೆಗೆ ಹುಡುಕಿದರೂ ಜೀವಂತ ಒಂದೂ ಸಿಗಲಿಲ್ಲ.

"ಯಾರು ಹೀಗೆ ಬಿಟ್ಟಿದ್ದು?" ಎಂದು ಕಿರುಚಿದೆ.

"ಪಾನಿ ಆ ರಹಾ ಥಾ, ಮೇಡಂ. ಪತ್ಥರ್ ಹೀ ತೋ ಹೈ" ಎಂದ ಒಬ್ಬ. ನೀರು ಏರುತ್ತಿತ್ತಂತೆ, ಬರೀ ಕಲ್ಲಂತೆ! ಅವನ ಕೆನ್ನೆಗೆ ಬಾರಿಸದೆ ಬಿಟ್ಟದ್ದಕ್ಕೆ ಇವತ್ತಿಗೂ ಕೈ ತುರಿಸುತ್ತದೆ.

ನಮ್ಮ ಸಾಹೇಬರು ಹುಬ್ಬಳ್ಳಿ ಕಡೆಯವರು. ಎಲ್ಲ ಕೇಳಿಸಿಕೊಂಡು ತಣ್ಣಗೆ, "ಎಣಿಕಿ ದಿನ ನೀವು ಕಣ್ಣಾರೆ ನೋಡಿದ್ದಷ್ಟ ಬರೀರಿ. ಒಂದೂ ಇರ್ಲಿಲ್ಲ ಅಂದ್ರ, ಇಲ್ಲ ಅಂತ ಬರೀರಿ" ಎಂದರು.

"ನಾವೇ ಕೊಂದದ್ದು ಅಂತ ಬರೀತೇನೆ ಸರ್."

"ಯವ್ವಾ, ಹಂಗ ಬರದ್ರ ನಾಳೆ ನಮಗ ಯಾರು ಕೆಲಸ ಕೊಡ್ತಾರ?"

ಸುಳ್ಳು ಬರೆಯಿರಿ ಎಂದಿದ್ದರೆ ಜಗಳವಾಡಲು ಸುಲಭವಿತ್ತು. ಈ ಮನುಷ್ಯ ನೋಡಿದ್ದನ್ನೇ ಬರೆಯಿರಿ ಎನ್ನುತ್ತಿದ್ದರು. ಮೈಯೆಲ್ಲ ಉರಿಯಿತು. ಆ ಸಂಜೆ ಠಾಣೆಯಲ್ಲಿ ಲೋಕಲ್ ರೈಲು ಹತ್ತಿದಾಗ ಅಪರಿಚಿತ ಹೆಂಗಸೊಬ್ಬಳು "ಕಾಯ್ ಝಾಲಂ, ತಾಈ?", ಏನಾಯ್ತಕ್ಕಾ, ಎಂದು ಎದ್ದು ಸೀಟು ಕೊಟ್ಟಳು. ಆ ಗರ್ದಿಯಲ್ಲಿ ಸೀಟು ಸಿಗಬೇಕಾದರೆ ನನ್ನ ಮುಖ ಹೇಗಿದ್ದಿರಬೇಕು!

ಜೆಟ್ಟಿಯವರ ಮೀಟಿಂಗಿನಲ್ಲಿ ಗೋಡೆಯ ಮೇಲೆ ಮೊದಲು ಬಂದದ್ದೇ ಅಮಾವಾಸ್ಯೆಯ ದಿನ ತೆಗೆದ ಒಂದು ಬೋಳು ಕಲ್ಲಿನ ಚಿತ್ರ. ಇಲ್ಲಿ ಮುಳ್ಳುಚೆಂಡುಗಳಿಲ್ಲ ಎಂದು ಸಾಹೇಬರು ವಿವರಿಸಿದರು. ನಾನು ಎದ್ದು ನಿಂತು, ಅದು ಕಲ್ಲಿನ ಹೊಟ್ಟೆ, ಮಗುಚಿದವರು ನಾವು, ಅಲ್ಲಿದ್ದವು ಸತ್ತದ್ದು ನಮ್ಮಿಂದ ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದೆ. ಯಾರೂ ಗದರಿಸಲಿಲ್ಲ. ಜೆಟ್ಟಿಯ ಅಧಿಕಾರಿ ಪೆನ್ನು ಕೆಳಗಿಟ್ಟು, ಬಹಳ ಮರ್ಯಾದೆಯಿಂದ, ಈಗ ಅಲ್ಲಿ ಒಂದಾದರೂ ಇದೆಯೇ ಮೇಡಂ, ಎಂದು ಕೇಳಿದರು.

ಇದೆ ಎನ್ನಲು ನನ್ನ ಬಳಿ ಒಂದೂ ಉಳಿದಿರಲಿಲ್ಲ.