ಡೌವೆ ಭಾವನಿಗೆ ಬರೆದ ಹೊಗಳಿಕೆಯ ಪದ್ಯ

ಹಾರ್ಲಿಂಗೆನ್ ಊರಿನಲ್ಲಿ ಸಮುದ್ರದ ಉಪ್ಪುಗಾಳಿಗೆ ಜಗ್ಗದ ವಸ್ತುಗಳು ಎರಡೇ: ಬಂದರಿನ ಕಲ್ಲುಗೋಡೆ, ನಮ್ಮ ಡೌವೆ ಭಾವ ಬಣ್ಣ ಹಚ್ಚಿದ ಬಾಗಿಲು. ಆದರೆ ಭಾವನನ್ನೇ ಉರುಳಿಸಲು ಒಂದು ಮಾತು ಸಾಕು.

ಇಪ್ಪತ್ತೆರಡು ವರ್ಷದ ಹಿಂದೆ ಔಷಧಿ ಅಂಗಡಿಯ ಯಜಮಾನಿ, "ಡೌವೆ, ಬಾಗಿಲಲ್ಲಿ ಬ್ರಷ್ಷಿನ ಕೂದಲೊಂದು ಅಂಟಿಕೊಂಡಿದೆಯಲ್ಲ," ಎಂದಿದ್ದಳು. ಊಟದ ಹೊತ್ತಿಗೆ ಅವಳು ಅದನ್ನು ಮರೆತೂ ಬಿಟ್ಟಳು. ಭಾವ ಮೂರು ದಿನ ಅನ್ನಾಹಾರ ಬಿಟ್ಟ. ಅಂದಿನಿಂದ ಅವನು ಹಚ್ಚಿದ ಯಾವ ಬಾಗಿಲಲ್ಲೂ ಒಂದು ಕೂದಲು ಸಿಕ್ಕಿಲ್ಲ. ಊರಿನ ದೊಡ್ಡ ಮನೆಗಳು ಅವನಿಗಾಗಿ ವರ್ಷಗಟ್ಟಲೆ ಕಾಯುತ್ತವೆ. ಅಂದಿನಿಂದ ಅವನು ಆ ಔಷಧಿ ಅಂಗಡಿಯ ಬೀದಿಗೆ ಕಾಲಿಟ್ಟೂ ಇಲ್ಲ. ತಲೆನೋವಿನ ಮಾತ್ರೆಗೆ ಪಕ್ಕದ ಊರಿಗೆ ಸೈಕಲ್ ತುಳಿಯುತ್ತಾನೆ, ಎದುರುಗಾಳಿಯಲ್ಲಿ.

ಇಂಥವನಿಗೆ ನಮ್ಮ ಸಿಂಟರ್‌ಕ್ಲಾಸ್ ಹಬ್ಬವೆಂದರೆ ರಣರಂಗ. ಡಿಸೆಂಬರ್ ಐದರ ಸಂಜೆ ಎಲ್ಲರೂ ಅಮ್ಮನ ಮನೆಯಲ್ಲಿ ಸೇರುತ್ತೇವೆ. ಮುಂಚೆಯೇ ಚೀಟಿ ಎತ್ತಿರುತ್ತೇವೆ. ಯಾರ ಹೆಸರು ಬಂತೋ ಅವರಿಗೆ ಉಡುಗೊರೆಯ ಜೊತೆ ಒಂದು ಪದ್ಯ, ಬರೆದವರ ಹೆಸರಿಲ್ಲದೆ. ಅವರ ಆ ವರ್ಷದ ಹುಳುಕೆಲ್ಲ ಪ್ರಾಸ ಕಟ್ಟಿಕೊಂಡು ಅದರಲ್ಲಿರಬೇಕು, ಅದನ್ನು ಅವರೇ ಗಟ್ಟಿಯಾಗಿ ಓದಬೇಕು. ಹಿಂದಿನ ಮೂರು ವರ್ಷವೂ ಭಾವ ನಾಲ್ಕನೇ ಸಾಲಿಗೆ ಕೋಟು ಏರಿಸಿ ಮನೆಗೆ ಹೋಗಿದ್ದ.

ಈ ಸಲ ಹಿಸ್ಕೆ ಅಕ್ಕ ನಮ್ಮೆಲ್ಲರೆದುರು ಗಂಡನಿಗೆ ಹೇಳಿದಳು: "ಈ ವರ್ಷವೂ ಎದ್ದು ಹೋದ್ರೆ, ಇನ್ಮೇಲೆ ಹಬ್ಬಕ್ಕೆ ನಾನೊಬ್ಳೇ ಬರೋದು. ನೀನು ಮನೇಲಿ ಗೋಡೆ ನೋಡ್ಕೊಂಡು ಕೂತಿರು."

"ಈ ಸಲ ಹೋಗಲ್ಲ ಕಣೆ. ಆಣೆ," ಎಂದ ಭಾವ.

ಅವನ ಚೀಟಿ ಬಂದದ್ದು ನನಗೆ. ಅಕ್ಕನ ಸಂಸಾರವನ್ನು ಕಾಪಾಡುವ ಹೊಣೆ ಹೊತ್ತ ವೀರನಂತೆ ಮೂರು ವಾರ ಕೂತು ಬರೆದೆ. ಒಂದೂ ಕೊಂಕಿಲ್ಲದ, ಹದಿನಾರು ಸಾಲಿನ ಅಪ್ಪಟ ಹೊಗಳಿಕೆ.

ಹಬ್ಬದ ಸಂಜೆ ಬಾದಾಮಿ ಹೂರಣದ ಸುರುಳಿ ಕತ್ತರಿಸಿದ್ದಾಯಿತು. ಚರ್ಚಿನಲ್ಲಿ ತಾನು ಹೊಡೆಯುವ ಗೊರಕೆಯ ಪದ್ಯ ಓದಿ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಭಾವ ನಿಂತ. ನಾಲ್ಕನೇ ಸಾಲು ದಾಟಿತು. ಅಕ್ಕ ಉಸಿರು ಬಿಟ್ಟಳು. ಹದಿನಾರೂ ಮುಗಿದವು. ನನ್ನೆದೆಯಲ್ಲಿ ಜಯಭೇರಿ ಮೊಳಗಿತು.

ಭಾವ ಕಾಗದದ ಹಿಂಬದಿ ನೋಡಿದ. ಖಾಲಿ.

"ಇಷ್ಟೇನಾ? ಎಂಬತ್ತೆರಡು ವರ್ಷದ ಅತ್ತೇನೂ ಬಿಡ್ಲಿಲ್ಲ. ನಂಗೆ ಮಾತ್ರ ಸತ್ತವರ ಮುಂದೆ ಓದೋ ಥರದ್ದು. ನಾನೇನು ಈ ಮನೆಯವನಲ್ವಾ?"

"ನಿಮ್ಮನ್ನ ಹೊಗಳಿದ್ರೂ ತಪ್ಪಾ ಭಾವ?" ಬರೆದವನಾರೆಂಬ ಗುಟ್ಟು ಅಲ್ಲಿಗೆ ರಟ್ಟಾಯಿತು.

"ಹೆದ್ರಿ ಹೊಗಳಿದ್ದೀಯ! ಧೈರ್ಯ ಇದ್ರೆ ಒಂದು ತಪ್ಪು ಹೇಳು."

"ಬೇಡ ಕಣೋ," ಎಂದಳು ಅಕ್ಕ ನನಗೆ.

"ಹೇಳೋ!"

ಮೂರು ವಾರದ ಪ್ರಾಸವೆಲ್ಲ ನೀರುಪಾಲಾದ ಸಿಟ್ಟು ನೆತ್ತಿಗೇರಿತ್ತು. "ಸರಿ. ಆ ಹೂಕುಂಡದ ಹಿಂದೆ, ಕಿಟಕಿ ಗಾಜಿನ ಹೊರಗಡೆ, ಬಿಳಿ ಬಣ್ಣದ ಒಂದು ಹನಿ. ಜೂನ್‌ನಲ್ಲಿ ಚೌಕಟ್ಟಿಗೆ ಬಣ್ಣ ಹಚ್ಚೋವಾಗ ನೀವೇ ಬೀಳಿಸಿದ್ದು."

ಭಾವ ಎಲ್ಲರ ಮುಖ ನೋಡಿದ. "ನಿಮಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತಪ್ಪ," ಎಂದಳು ಅಮ್ಮ. "ಅದಕ್ಕೇ ಕುಂಡ ಇಟ್ಟಿದ್ದು."

ಅವನು ಕೋಟು ಹಾಕಿಕೊಂಡ. ಬಾಗಿಲು ಧಡ್ ಎಂದಿತು. ಅಷ್ಟರಲ್ಲಿ ಕಿಟಕಿಯಲ್ಲಿ ಕರಕರ ಸದ್ದು. ಜಡಿಮಳೆಯಲ್ಲಿ, ಹಲ್ಲಲ್ಲಿ ಟಾರ್ಚ್ ಕಚ್ಚಿಕೊಂಡು, ಭಾವ ಬ್ಲೇಡಿನಿಂದ ಗಾಜು ಕೆರೆಯುತ್ತಿದ್ದ! ಹನಿ ಒಂದೇ ನಿಮಿಷಕ್ಕೆ ಹೋಯಿತು. ಅವನು ಹೋಗಲಿಲ್ಲ, ಬರಲೂ ಇಲ್ಲ. ಚೌಕಟ್ಟನ್ನು ಇಂಚಿಂಚೂ ಪರೀಕ್ಷಿಸತೊಡಗಿದ. ಒಳಗೆ ಚಾಕೊಲೇಟ್ ಹಾಲಿನ ಮೇಲೆ ಕೆನೆಗಟ್ಟಿತು. ಉಳಿದ ಪದ್ಯಗಳನ್ನು ಓದುವ ಮನಸ್ಸು ಯಾರಿಗೂ ಇರಲಿಲ್ಲ.

"ಇದು ಎದ್ದು ಹೋದ ಹಾಗೋ, ಅಲ್ವೋ?" ಎಂದಳು ಅಕ್ಕ.

"ಕೋಟು ಹಾಕಿದ್ದಾನೆ," ಎಂದೆ ನಾನು.

"ಮನೇನ ಮುಟ್ಕೊಂಡೇ ಇದ್ದಾನಲ್ಲ," ಎಂದಳು ಅಮ್ಮ.

ಅಕ್ಕ ಕಿಟಕಿ ತೆರೆದಳು. "ಡೌವೆ, ಹನಿ ಹೋಯ್ತು. ಒಳಗೆ ಬಾ."

"ಬಂದೆ. ಇಲ್ಲೊಂದು ಗೀರಿದೆ. ನನ್ನಿಂದ ಆಗಿದ್ದಾ ಅಂತ ನೋಡ್ಬೇಕು."

ಅಕ್ಕ ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಗಂಡನ ತಟ್ಟೆ ಎಳೆದುಕೊಂಡು ಅವನ ಪಾಲಿನ ಸುರುಳಿಗೆ ಬಾಯಿ ಹಾಕಿದಳು.

"ಮುಂದಿನ ವರ್ಷ ನಾನೊಬ್ಳೇ ಬರ್ತೀನಿ," ಎಂದಳು, ಬಾಯ್ತುಂಬ.

ಹೊರಗಿನಿಂದ ಭಾವ ಗಾಜು ತಟ್ಟಿದ.

"ಏನಂದೆ? ನನ್ನ ಬಗ್ಗೆನಾ?"